ಕತ್ತಲಲ್ಲೇ ಮುಗಿಯುವ ಕೀರ್ತನೆ

ಸದಲಗಾ,
೧೨ ಸೆಪ್ಟೆಂಬರ್ ೨೦೨೪

ಪ್ರೀತಿಯ ಸೋನಾಲಿಯ ಪಪ್ಪಾ,

ಮಗಳಿಲ್ಲದ ಮೇಲೆ ನಿಮ್ಮನ್ನು ಹೀಗೆ ಕರೆಯಬಾರದೇನೋ. ಆದರೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ಕರ್ತನ ಹೆಸರಿನಲ್ಲಿ ವಂದನೆ ಎಂದು ಬರೆದರೆ ಹಾಳೆ ಅಲ್ಲೇ ಹರಿದು ಒಗೆಯುತ್ತೀರಿ, ಅದಕ್ಕೆ ಬರಿಯ ವಂದನೆ. ಆರಾಮ ಇದ್ದೀರಾ? ಇಚಲಕರಂಜಿಯ ಮಗ್ಗದ ಧೂಳಿಗೆ ಕೆಮ್ಮು ಹೆಚ್ಚಾಗಿದೆ ಎಂದು ಬಾಜೂ ಮನೆಯ ಶ್ರೇಣಿಕ ಅಣ್ಣ ಹೇಳಿದ. ನೀವು ಫೋನು ಎತ್ತುವುದಿಲ್ಲವಲ್ಲ, ಬಟ್ಟೆ ತರಲು ಅಲ್ಲಿಗೆ ಬರುವ ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಅವನೆದುರು ಓದದೆ ನಿಮಗೆ ಗತಿಯಿಲ್ಲ. ನಾನು ಆರಾಮ ಎಂದರೆ ಆರಾಮ. ಎಮ್ಮೆ ಹಾಲು ಹಿಂಡಿ ಡೇರಿಗೆ ಹಾಕುತ್ತೇನೆ, ಹೊತ್ತಿಗೆ ಉಣ್ಣುತ್ತೇನೆ. ಅಳು ಮಾತ್ರ ಬರುವುದಿಲ್ಲ. ಜೂನ್‌ನಲ್ಲಿ ಅವಳಿಗೆ ಮಣ್ಣು ಕೊಟ್ಟ ದಿನದಿಂದ ಒಳಗೆಲ್ಲ ಜೋಮು ಹಿಡಿದ ಹಾಗಿದೆ.

ಮನೆ ಬಿಟ್ಟು ಹೋಗುವಾಗ ನೀವು ಗೋಡೆಯ ಮೇಲಿನ ವಾಗ್ದಾನದ ಕಾರ್ಡು ಕಿತ್ತು ನನ್ನ ಮುಂದೆ ಒಗೆದಿರಿ. ಹೊಸ ವರ್ಷದ ಆರಾಧನೆಯಲ್ಲಿ ಎಲ್ಲರಂತೆ ನಾವೂ ಬುಟ್ಟಿಯಿಂದ ಒಂದು ಎತ್ತಿದ್ದೆವು, ಅದೂ ಸೋನಾಲಿಯ ಕೈಯಿಂದ. ಕೇಡು ನಿಮ್ಮ ಮನೆಯ ಹತ್ತಿರವೂ ಸುಳಿಯದು ಎಂಬರ್ಥದ, ಸತ್ಯವೇದದ ಕೀರ್ತನೆಯೊಂದರ ವಚನ. ಇಡೀ ವರ್ಷಕ್ಕೆ ದೇವರು ಕೊಟ್ಟ ಮಾತು ಎಂದು ಎಷ್ಟು ಹಿಗ್ಗಿದ್ದೆವು! ಆರು ತಿಂಗಳಾಗುವುದರೊಳಗೆ ಡೆಂಗ್ಯೂ ಬಂತು. "ದೇವರು ಮಾತಿಗಿ ತಪ್ಯಾನ, ಇನ್ನ ಅವನ ಹೊಸ್ತಲಾ ತುಳ್ಯಾಂಗಿಲ್ಲ ನಾ" ಎಂದಿರಿ. ನನಗೂ ಹಾಗೇ ಅನ್ನಿಸಿತ್ತು.

ನಮ್ಮ ಚರ್ಚಿನ ಅಕ್ಕುತಾಯಿ ಟೀಚರ್ ಗೊತ್ತಲ್ಲ, ರಿಟೈರ್ ಆದರೂ ಪಾಠ ಹೇಳುವ ಚಟ ಬಿಡದವರು. ಹೆಂಗಸರನ್ನು ಮನೆಯಲ್ಲಿ ಕೂಡಿಸಿ ಸತ್ಯವೇದ ಓದಿಸುತ್ತಾರೆ. ಕೈ ಹಿಡಿದು ಎಳೆದರು, ಹೋದೆ. ಯಾರೂ ಸಮಾಧಾನ ಹೇಳದಿರಲಿ ಎಂದು ಮೊದಲ ದಿನವೇ ಅಂದುಬಿಟ್ಟೆ, "ಈ ವಚನಾ ಸುಳ್ಳ ಐತ್ರಿ, ಹೊಡದ ಹಾಕ್ತೀನಿ." ಅವರು ಪೆನ್ನು ನನ್ನ ಕೈಗೇ ಕೊಟ್ಟು, "ಹಾಕವಾ. ಖರೆ, ಅದಕ್ಕೂ ಮೊದಲ ಆ ಅಧ್ಯಾಯ ಪೂರಾ ಓದ. ಬಾಜೂಕ ಸಣ್ಣ ಅಕ್ಷರದಾಗ ಎಲ್ಲಿ ನೋಡಂತ ಬರ್ದೈತಿ, ಅಲ್ಲೀನೂ ನೋಡ" ಎಂದರು. ನೋಡಿದೆ. ರೀ, ಆ ಕೀರ್ತನೆಯ ಮುಂದಿನ ಸಾಲನ್ನು ಸುವಾರ್ತೆಯಲ್ಲಿ ಯಾರು ಹೇಳುತ್ತಾನೆ ಗೊತ್ತೇ? ಸೈತಾನ! ಯೇಸುವನ್ನು ದೇವಾಲಯದ ತುದಿಗೆ ನಿಲ್ಲಿಸಿ, ಜಿಗಿ, ದೂತರು ಹಿಡಿಯುತ್ತಾರೆ ಎಂದು ಬರೆದಿದೆಯಲ್ಲ ಎನ್ನುತ್ತಾನೆ. ಯೇಸು ಜಿಗಿಯಲಿಲ್ಲ. ಮುಂದೆ ಶಿಲುಬೆಯ ಮೇಲೂ ಯಾವ ದೂತನೂ ಬಂದು ಹಿಡಿಯಲಿಲ್ಲ, ಯಾಕೆ ಕೈಬಿಟ್ಟೆ ಎಂದು ಕೂಗಿದ. ಅಯ್ಯೋ, ನಾವು ಇಷ್ಟು ವರ್ಷ ಒಂದೊಂದೇ ಸಾಲು ಹರಿದುಕೊಂಡು ತಾಯಿತದ ಹಾಗೆ ಕಟ್ಟಿಕೊಂಡಿದ್ದೆವು. ಪೆನ್ನು ಟೀಚರಿಗೆ ವಾಪಸ್ ಕೊಟ್ಟೆ.

ಆಮೇಲೆ ಬಿಡದೆ ಓದುತ್ತಿದ್ದೇನೆ. ಎಂಬತ್ತೆಂಟನೇ ಕೀರ್ತನೆಯನ್ನು ಯಾರೂ ಕಾರ್ಡಿನ ಮೇಲೆ ಅಚ್ಚು ಹಾಕಿಸಿದ್ದು ನಾನು ಕಂಡಿಲ್ಲ. ಬೇರೆಯವು ಅತ್ತೂ ಅತ್ತೂ ಕಡೆಗೆ ಸ್ತೋತ್ರಕ್ಕೆ ಬರುತ್ತವೆ, ಇದು ಕತ್ತಲಲ್ಲೇ ಮುಗಿಯುತ್ತದೆ. ಇಂಥ ಪ್ರಾರ್ಥನೆಗೂ ದೇವರ ಪುಸ್ತಕದಲ್ಲಿ ಜಾಗ ಇದೆ ಎಂದು ತಿಳಿದಾಗ ಸಂತೋಷವೇನೂ ಆಗಲಿಲ್ಲ, ಜೋಮು ಹಾಗೇ ಇದೆ. ಆದರೆ ಮಾತು ಬಿಟ್ಟಿದ್ದವಳು ಅವನ ಜೊತೆ ಮತ್ತೆ ಮಾತು ಶುರು ಮಾಡಿದ್ದೇನೆ. ಬಹುಪಾಲು ಬೈಗುಳವೇ. ಇಲ್ಲದವನನ್ನು ಯಾರಾದರೂ ಬೈಯುತ್ತಾರೆಯೇ? ಮೊದಲು ಅವ್ವ ಹೇಳಿದ್ದು, ಪಾಸ್ಟರ್ ಹೇಳಿದ್ದು ಎಂದು ನಂಬಿದ್ದೆ. ಈಗ ಉಳಿದಿರುವುದು ಚೂರೇ, ಆದರೆ ಅದು ನಾನೇ ಓದಿ ನಂಬಿದ್ದು. ನಿಮ್ಮ ಸಿಟ್ಟಿನೊಳಗೂ ಅಷ್ಟು ಇದ್ದೀತು ಎಂದು ನನಗೆ ಅನಿಸುತ್ತದೆ.

ಕೆಮ್ಮಿಗೆ ಔಷಧಿ ತೆಗೆದುಕೊಳ್ಳಿ, ಬರೀ ಪಾವ್ ತಿಂದು ದಿನ ದೂಡಬೇಡಿ. ದೇವರು ನಿಮ್ಮನ್ನು ಕಾಯಲಿ ಎಂದು ಬರೆದಿದ್ದೇನೆ, ಸಿಟ್ಟು ಬಂದರೆ ಈ ಸಾಲು ಬಿಟ್ಟು ಓದಿಕೊಳ್ಳಿ.

ನಿಮ್ಮ
ದೀಪಾಲಿ

ತಾ.ಕ.: ಅವಸರದಲ್ಲಿ ಮುಖ್ಯ ಮಾತೇ ಉಳಿಯಿತು. ಸಮಾಧಿಗೆ ಕಲ್ಲು ಕೆತ್ತುವವನು ಬಂದಿದ್ದ, ಯಾವ ವಚನ ಹಾಕಲಿ ಎಂದು ಕೇಳಿದ. ಹೆಸರಷ್ಟೇ ಕೆತ್ತು, ಕೆಳಗೆ ಜಾಗ ಬಿಡು, ನಮ್ಮ ಮನೆಯವರು ಬಂದು ಹೇಳುತ್ತಾರೆ ಎಂದಿದ್ದೇನೆ. ನೀವು ಬೇಡ ಎಂದರೆ ಬೇಡ, ಖಾಲಿಯೇ ಇರಲಿ. ಆದರೆ ಆ ಮಾತನ್ನು ಅವಳ ಹತ್ತಿರ ನಿಂತು ಹೇಳಿ. ಮಣ್ಣು ಕೊಟ್ಟು ಬಂದ ಮೇಲೆ ನಾನು ಇನ್ನೂ ಒಮ್ಮೆಯೂ ಅಲ್ಲಿಗೆ ಹೋಗಿಲ್ಲ. ಒಬ್ಬಳ ಕೈಲಿ ಆಗುವುದಿಲ್ಲ.