ಕಂಪನಿಯದೂ ಹೆಬ್ಬೆಟ್ಟೇ, ಅತ್ತೆ

ಅತ್ತೆ, ಅಳಿಯನ ನಮಸ್ಕಾರ.

ನೀವಿದ್ದಾಗ ನಿಮಗೆ ಕಾಗದ ಬರೆಯುವ ಪ್ರಮೇಯವೇ ಬರಲಿಲ್ಲ. ಇದ್ದದ್ದು ಒಂದೇ ಮನೆ, ಮೇಲಾಗಿ ನಿಮಗೆ ಓದಲು ಬರುತ್ತಿರಲಿಲ್ಲ. ಈಗ ಆ ಎರಡು ಅಡ್ಡಿಯೂ ಇಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ಜಯಳ ಬಾಣಂತನಕ್ಕೆಂದು ಒಂದು ಚೀಲ ರಾಗಿಯ ಸಮೇತ ಪಾಂಡವಪುರದ ನಮ್ಮ ಮನೆಗೆ ಬಂದಿಳಿದಿರಲ್ಲ, ನಿಮ್ಮ ಮೊಮ್ಮಗ ಪಿಯುಸಿಗೆ ಬಂದರೂ ಆ ಬಾಣಂತನ ಮುಗಿಯಲಿಲ್ಲ. ನಾನು ಹಾಗೆಂದರೆ ನೀವು ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತು ಮಗಳಿಗೆ, “ಅಳಿಮಯ್ಯಂಗೆ ಬಾಯಿ ಜಾಸ್ತಿ ಕನವ್ವ” ಎನ್ನುತ್ತಿದ್ದಿರಿ, ನನಗೆ ಕೇಳಿಸುವಷ್ಟು ಜೋರಾಗಿ.

ಆ ಬಾಯಿ ಒಂದು ದಿನ ನಿಜಕ್ಕೂ ಜಾಸ್ತಿಯಾಯಿತು. ನಾಗಮಂಗಲದ ನೋಂದಣಿ ಕಚೇರಿಯಲ್ಲಿ, ತವರಿನ ತೆಂಗಿನ ತೋಟದ ನಿಮ್ಮ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟ ದಿನ. ಗುಮಾಸ್ತ ಶಾಯಿಯ ಡಬ್ಬಿ ಮುಂದಿಟ್ಟ. ಸಾಕ್ಷಿಗೆಂದು ಬಂದಿದ್ದ ನಾನು ಅಂಗೈ ಅಗಲದ ಸಹಿ ಹಾಕಿ, ಸುಮ್ಮನಿರಲಾರದೆ ಪ್ರಾಸ ಕಟ್ಟಿದೆ: “ಓದಿದೋರ ಕೈಗೆ ಪೆನ್ನು ಕೊಟ್ಟು, ಓದದೋರ್ಗೆ ಬರೀ ಹೆಬ್ಬೆಟ್ಟು.” ಕಚೇರಿಗೆ ಕಚೇರಿಯೇ ನಕ್ಕಿತು. ನೀವು ಹೆಬ್ಬೆಟ್ಟನ್ನು ಕಂಬಕ್ಕೆ ಒರೆಸಿದಿರಿ. ಪಾಂಡವಪುರ ಬರುವವರೆಗೂ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿರಿ. ತಪ್ಪಾಯ್ತು ಅನ್ನಲು ಅಷ್ಟು ದಾರಿ ಸಾಲದಾಗಿತ್ತೆ?

ಆಮೇಲೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ನಾನು ಅಂಚೆ ಮೂಲಕ ಎಂ.ಕಾಂ. ಕಟ್ಟಿದೆ. ಕೆ.ಆರ್. ಪೇಟೆಯ ಆಫೀಸಿನಲ್ಲಿ ಅದನ್ನು ಕೇಳಿ ನಗದವರಿಲ್ಲ. ಮಿಕ್ಕಿದ್ದೆಲ್ಲ ಪಾಸಾಗಿ ಕಂಪನಿ ಕಾನೂನು ಮಾತ್ರ ಫೇಲಾದಾಗ ಅವರ ನಗೆಗೆ ಒಂದು ಆಧಾರವೂ ಸಿಕ್ಕಿತು. ಉತ್ತರ ಕನ್ನಡದಲ್ಲಿ ಬರೆಯಬಹುದಿತ್ತು, ಪುಸ್ತಕ ಮಾತ್ರ ಇಂಗ್ಲಿಷಿನದು. ಕನ್ನಡ ಮಾಧ್ಯಮದ ನಾನು ಅದನ್ನು ಮಂತ್ರದಂತೆ ಉರು ಹೊಡೆಯುತ್ತಿದ್ದೆ. ಮತ್ತೆ ಫೇಲಾದರೆ ಓದನ್ನೇ ಬಿಡುವುದೆಂದು ತೀರ್ಮಾನಿಸಿದ್ದೆ.

ಅವರೆಕಾಯಿ ಕಾಲ. ನೀವು ನಡುಮನೆಯಲ್ಲಿ ನೆನೆಸಿದ ಕಾಳು ಹಿತುಕುತ್ತಾ ಕೂತಿದ್ದಿರಿ. “ದಿನಾ ಅದೇನ ಗೊಣಗ್ತೀರಿ, ನಂಗೂವೆ ಒಸಿ ಯೋಳಿ” ಎಂದಿರಿ. ಕಂಪನಿ ಎಂದರೆ ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿ ಎಂದೆ.

“ಉಣ್ತದಾ?”

“ಇಲ್ಲ ಅತ್ತೆ.”

“ಸಾಯ್ತದಾ?”

“ಸದಸ್ಯರೆಲ್ಲ ಸತ್ತರೂ ಅದು ಸಾಯಲ್ಲ.”

“ಉಣ್ಣಲ್ಲ, ಸಾಯಲ್ಲ. ದೆವ್ವದ ಸಾವಾಸ ಯಾಕ್ ಮಾಡೀರಿ ಅಳಿಮಯ್ಯ?”

ಜಯ ಒಳಗಿನಿಂದ ನಕ್ಕಳು. ಅಂದಿನಿಂದ ದಿನಕ್ಕೊಂದು ಪಾಠ ನಿಮಗೆ ಒಪ್ಪಿಸತೊಡಗಿದೆ. ನಿಮಗೆ ತಿಳಿಯದಿದ್ದರೆ ನನಗೂ ತಿಳಿದಿಲ್ಲ ಎಂದೇ ಲೆಕ್ಕ.

ಮೊಹರಿನ ಪಾಠ ಬಂದ ದಿನ ನೆನಪಿದೆಯೆ? ಕಂಪನಿಗೆ ಕೈಯಿಲ್ಲ, ಸಹಿ ಹಾಕಲಾರದು, ಅದಕ್ಕೇ ಒಂದು ಮೊಹರು ಇಟ್ಟಿರುತ್ತಾರೆ, ಅದನ್ನು ಒತ್ತಿದರೆ ಕಂಪನಿಯೇ ಒಪ್ಪಿದ ಹಾಗೆ ಎಂದೆ. ನಿಮ್ಮ ಕೈ ಕಾಳಿನ ಮೇಲೆಯೇ ನಿಂತಿತು.

“ದೊಡ್ ದೊಡ್ ಕಂಪ್ನಿಗೂವೆ?”

“ಎಲ್ಲಕ್ಕೂ.”

“ಬರೆಯಾಕಿಲ್ಲ, ಒತ್ತೋದೇಯಾ?”

“ಒತ್ತೋದೇ.”

ಸಿಪ್ಪೆ ಅಂಟಿದ್ದ ಹೆಬ್ಬೆಟ್ಟನ್ನು ಎತ್ತಿ, ಈ ಕಡೆ ಆ ಕಡೆ ತಿರುಗಿಸಿ ನೋಡಿಕೊಂಡಿರಿ. “ಅಂಗಾರೆ ಅವ್ರೂ ನನ್ ಪೈಕಿನೇ ಬುಡಿ.”

ಬೈದಿದ್ದರೆ ಚೆನ್ನಾಗಿತ್ತು. ತಪ್ಪಾಯ್ತು ಎನ್ನಲೆಂದೇ ಬಾಯಿ ತೆರೆದೆ, ಆದರೆ ಹೊರಟದ್ದು, “ಒಂದು ಲೋಟ ಕಾಫಿ ಸಿಗುತ್ತಾ?” ಕಾಫಿ ಕೊಟ್ಟಿರಿ. ಸಕ್ಕರೆ ಎಂದಿಗಿಂತ ಒಂದು ಚಮಚ ಹೆಚ್ಚೇ ಇತ್ತು.

ಪರೀಕ್ಷೆಗೆ ತಿಂಗಳಿರುವಾಗ, ಒಂದು ಬೆಳಿಗ್ಗೆ, ಒಲೆ ಹಚ್ಚಲು ಎದ್ದವರು ಹಾಗೆಯೇ ಗೋಡೆಗೆ ಒರಗಿ... ಶ್ರೀರಂಗಪಟ್ಟಣದಲ್ಲಿ ನಿಮ್ಮನ್ನು ಹೊಳೆಗೆ ಬಿಟ್ಟು ಬಂದೆವು. ಪರೀಕ್ಷೆಯ ದಿನ ಮೈಸೂರಿನ ಬಸ್ಸು ಅದೇ ಹೊಳೆ ದಾಟುವಾಗ ಕಿಟಕಿಯ ಕಡೆ ನೋಡಬಾರದೆಂದುಕೊಂಡು ನೋಡಿದೆ.

ಕಂಪನಿಯ ಲಕ್ಷಣಗಳನ್ನು ವಿವರಿಸಿ ಎಂಬುದೇ ಮೊದಲ ಪ್ರಶ್ನೆ. ಉರು ಹೊಡೆದದ್ದೊಂದೂ ನೆನಪಾಗಲಿಲ್ಲ. ‘ಉಣ್ತದಾ? ಸಾಯ್ತದಾ?’ ಎಂದು ನೀವು ಕೇಳುತ್ತಾ ಹೋದಿರಿ, ನಾನು ಬರೆಯುತ್ತಾ ಹೋದೆ. ಮೊಹರಿಗೇ ಒಂದೂವರೆ ಪುಟ ಹಿಡಿಯಿತು. ಸದಸ್ಯರು ಬರಬಹುದು, ಹೋಗಬಹುದು, ಸಂಸ್ಥೆ ಮಾತ್ರ ನಡೆಯುತ್ತಲೇ ಇರುತ್ತದೆ ಎಂದೂ ಬರೆದೆ. ಮನೆಗೂ ಈ ಮಾತು ಅನ್ವಯಿಸುತ್ತದೆಯೇ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿರಲಿಲ್ಲ, ಬದುಕಿದೆ.

ಪಾಸಾದೆ ಅತ್ತೆ. ಆಫೀಸಿನಲ್ಲಿ ಲಡ್ಡು ಹಂಚಿದೆ. ಮನೆಗೆ ಬಂದು ನಡುಮನೆಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಯಾರೂ ಏನೂ ಕೇಳಲಿಲ್ಲ.

ಹೋದ ವಾರ ನಿಮ್ಮ ತಮ್ಮ ನಾಗಮಂಗಲದಿಂದ ಆ ತೋಟದ ಪತ್ರ ಹಿಡಿದು ಬಂದಿದ್ದರು. ಹೆಂಚು ಸೋರಿ ಪೆಟ್ಟಿಗೆಗೆ ನೀರು ಇಳಿದಿತ್ತಂತೆ. “ಕಾನೂನು ಪಾಸ್ ಮಾಡಿದ್ದೀರಂತಲ್ಲ, ಇದು ನಡೀತದಾ ನೋಡಿ” ಎಂದು ಬಿಡಿಸಿ ಹಾಸಿದರು. ಆಮೇಲೆ ಅವರೇ ಬಗ್ಗಿ ಬೆರಳಿಟ್ಟರು. “ಈ ಸಾಕ್ಷಿ ಸಯಿ ಯಾರ್ದು? ಏನೂ ಗೊತ್ತಾಯ್ತಿಲ್ವಲ್ಲ.”

ಅಂಗೈ ಅಗಲದ ನನ್ನ ಸಹಿ ಕರಗಿ, ಒಂದು ನೀಲಿ ಕಲೆಯಾಗಿತ್ತು. ಅದರ ಮೇಲುಗಡೆ ನಿಮ್ಮ ಹೆಬ್ಬೆಟ್ಟು. ಒಂದು ಗೆರೆಯೂ ಅಳಿಸಿರಲಿಲ್ಲ. ಕಾಳು ಹಿತುಕಿ ಸವೆದ ಜಾಗ ಕೂಡ ಕಾಣುತ್ತಿತ್ತು.

“ಅದು ನಂದೇ” ಎಂದೆ. “ಪತ್ರ ನಡೀತದೆ. ನಮ್ಮತ್ತೆ ಒತ್ತಿರೋದು ಗಟ್ಟಿಯಾಗಿದೆ.”

ಅವರು ಹೋದ ಮೇಲೆ ಈ ಕಾಗದಕ್ಕೆ ಕೂತೆ. ನಾಗಮಂಗಲದ ಬಸ್ಸಿನಲ್ಲಿ ಹೇಳಬೇಕಿದ್ದದ್ದು ಇಷ್ಟೆ. ತಪ್ಪಾಯ್ತು ಅತ್ತೆ.

ಇದಕ್ಕೆ ಪ್ರಾಸ ಹುಡುಕಲಿಲ್ಲ.

ನಿಮ್ಮ ಅಳಿಯ