ಹೋಗದೆ ಉಳಿದ ಮೂರು ಮೇಲ್

ಜನವರಿ 9, ಶುಕ್ರವಾರ.

ಮ್ಯಾನೇಜರಿಗೆ ಹೋಗಿದೆ ಅಂದುಕೊಂಡಿದ್ದ ಮೇಲ್ ಒಂದೂ ಹೋಗಿಲ್ಲ. ಮೂರು ದಿನದಿಂದ ಒಂದೇ ವಿಷಯ ಬರೆದಿದ್ದೆ: ಏಳನೇ ಬ್ಲಾಕಿನಲ್ಲಿ ಮರಿ ಹಾಕಿದ ಆನೆ ನಿಂತಿದೆ, ಕಾಫಿ ಕೊಯ್ಲಿಗೆ ಆಳು ಬಿಡಬೇಡಿ ಎಂದು. ಎಸ್ಟೇಟಿನ ಈ ಹೊಸ ಮೇಲ್ ಆ್ಯಪಿನಲ್ಲಿ ಬರೆದು ಮುಗಿಸಿದ ಕೂಡಲೇ ಹಸಿರು ಟಿಕ್ ಬರುತ್ತದೆ. ಅದು ಬರೀ ಉಳಿಸಿಟ್ಟಿದ್ದಕ್ಕೆ ಎಂದು ಸಂಜೆ ಆಫೀಸಿನ ನರ್ಮದಾ ಹೇಳಿದಳು. ಕಳಿಸುವ ಗುಂಡಿ ಬೇರೆ, ಪರದೆಯ ಕೆಳಗೆ ಕಾಣದ ಹಾಗೆ ಇದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ತೋಟದ ಹಾಜರಿ-ಲೆಕ್ಕ ಬರೆಯುವ ರೈಟರ್ ಆದವನಿಗೆ ಇದು ಹೇಗೆ ಗೊತ್ತಾಗಬೇಕು?

ಮೂರನ್ನೂ ಕಳಿಸಿದೆ. ಉತ್ತರವಿಲ್ಲ, ಮ್ಯಾನೇಜರ್ ಸಾಹೇಬರ ಫೋನೂ ಆಫ್. ನಾಳೆ ಏಳನೇ ಬ್ಲಾಕಿನಲ್ಲಿ ಕೊಯ್ಲು ಎಂಬ ಆರ್ಡರ್ ಹಾಗೇ ಇದೆ.

ಮೇಸ್ತ್ರಿ ಪಳನಿಗೆ ಹೇಳಿದರೆ ನಕ್ಕುಬಿಟ್ಟ. "ರೈಟ್ರೇ, ಮೂರು ದಿನದಿಂದ ಆನೆ ಆನೆ ಅಂತೀರ. ಇದ್ದಿದ್ರೆ ಸಾಹೇಬ್ರು ಸುಮ್ನಿರ್ತಿದ್ರಾ? ಅವ್ರ ಮೇಲ್ ಬರ್ಲಿ, ನಿಲ್ಲಿಸ್ತೀನಿ."

ಬೆಳಿಗ್ಗೆ ಹಾಜರಿ ಹೊತ್ತಿಗೆ ನಾನೇ ಅಡ್ಡ ನಿಲ್ಲುತ್ತೇನೆ ಎಂದುಕೊಂಡು ಮಲಗಿದೆ. ಆಮೇಲೆ ಕೊಯ್ಲಿಗೆ ಬರುವ ಚಿನ್ನಮ್ಮ ನೆನಪಾದಳು. ಹಣ್ಣು ತುಂಬಿದ ಸಾಲು ತನಗೇ ಸಿಗಲಿ ಎಂದು ಅವಳು ಹಾಜರಿಗೂ ಮೊದಲೇ, ಕತ್ತಲಲ್ಲೇ ಹೋಗಿ ಗಿಡದ ಬುಡದಲ್ಲಿ ಚೀಲ ಹಾಸಿಡುತ್ತಾಳೆ. ಅವಳ ಹತ್ತಿರ ಫೋನಿಲ್ಲ. ಪಳನಿ ಎತ್ತುತ್ತಿಲ್ಲ.

ಈಗಲೇ ಅವಳಿರುವ ಲೈನಿಗೆ, ಆಳುಗಳ ಸಾಲುಮನೆಗೆ, ಹೋಗಿ ಹೇಳಬೇಕು. ಇಲ್ಲಿಂದ ಲೈನಿಗೆ ಇರುವುದು ಒಂದೇ ದಾರಿ, ಅದೂ ಏಳನೇ ಬ್ಲಾಕಿನ ನಡುವೆ. ಟಾರ್ಚಿಗೆ ಹೊಸ ಸೆಲ್ ಹಾಕಿದ್ದೆನೋ ಇಲ್ಲವೋ, ನೋಡಿಕೊಂಡು ಹೊರಡುತ್ತೇನೆ; ಉಳಿದದ್ದು ಬಂದು ಬರೆಯುತ್ತೇನೆ.