ಬಿಚ್ಚಿ ಕಟ್ಟುವ ಬಿದಿರು

ಜನವರಿ 8, ಕಡೂರು

ಬೆಳಿಗ್ಗೆ ಮತ್ತೆ ತೆಂಗಿನ ನಾರಿನ ಹಗ್ಗ ನೆನೆಹಾಕಿದೆ. ಒಣಗಿದ್ದರೆ ಗಂಟು ಜಾರುತ್ತದೆ. ಬಿದಿರಿನ ಸ್ಟ್ಯಾಂಡ್ ಎಲ್ಲ ನನ್ನವೇ. ಮೊಳೆ ಇಲ್ಲ, ಫ್ಲೆಕ್ಸ್ ಇಲ್ಲ, ಥರ್ಮಾಕೋಲ್ ಇಲ್ಲ. ಮುಗಿದ ಮೇಲೆ ಬಿಚ್ಚಿ ಲಗೇಜ್ ಆಟೋಗೆ ಹಾಕುವುದು, ಮುಂದಿನ ಊರಲ್ಲಿ ಮತ್ತೆ ಕಟ್ಟುವುದು. ಬಿಸಾಡಲು ಏನೂ ಉಳಿಯಬಾರದು ಎನ್ನುತ್ತಾರೆ ಪ್ರದರ್ಶನ ನಡೆಸುವ ಮಲ್ಲಿಕಾಂಬ ಮೇಡಂ. ಪ್ರದರ್ಶನಕ್ಕೆ ಸ್ಟ್ಯಾಂಡ್ ಮೇಲೆ ಇಡುವುದು ಹಳೇ ಕಾಲದ ಮನೆ ಸಾಮಾನೇ. ಈಳಿಗೆಮಣೆ, ಕಡಗೋಲು, ಶಾವಿಗೆ ಒತ್ತುವ ಒರಳು... ಆಯಾ ಊರಿನವರೇ ತಂದುಕೊಡುತ್ತಾರೆ.

ಮೇಡಂ ಗಂಟು ಮುಟ್ಟಿ ನೋಡಿದರು. "ಯಾರು ಕಲಿಸಿದ್ದು ಭೂಮಿಕಾ?"

ನೆಲ ನೋಡಿದೆ. ನಾಚಿಕೆ ಎಂದುಕೊಂಡರು. ಅಪ್ಪ ಅಜ್ಜಂಪುರದಲ್ಲಿ ಚಟ್ಟ ಕಟ್ಟುವವನು ಎಂದು ಇವರಿಗೆ ಹೇಗೆ ಹೇಳಲಿ?

ಜನವರಿ 15, ತರೀಕೆರೆ

ಒಂದು ಸ್ಟ್ಯಾಂಡ್ ಇನ್ನೂ ನಿಲ್ಲಿಸಿರಲಿಲ್ಲ, ನೆಲದ ಮೇಲಿತ್ತು. ಯಾರೋ ಮುದುಕ ಬಗ್ಗಿ ನೋಡಿ ಕೇಳಿದ. "ಏನವ್ವಾ, ಯಾರ್ ಹೋದ್ರು?" ಸುತ್ತ ಇದ್ದವರು ಕಿಸಕ್ಕೆಂದರು. ಮೇಡಂಗೆ ಅರ್ಥವಾಗಲಿಲ್ಲ. ಸದ್ಯ.

ಊಟಕ್ಕೆ ಕೂತಾಗ ಅಂದರು — "ಅಜ್ಜಂಪುರ ಚೆನ್ನಾಗಿ ಆದರೆ ನಮ್ಮ ಜೊತೆಗೇ ಇದ್ದುಬಿಡು. ಎಲ್ಲ ಊರಿಗೂ ನಿನ್ನದೇ ಸ್ಟ್ಯಾಂಡ್."

ನಾಲ್ಕನೇ ಕ್ಲಾಸಿಗೆ ಬಿಟ್ಟವಳಿಗೆ! ಎಲೆ ಬಿಟ್ಟು ಎದ್ದೆ. ಅಪ್ಪನಿಗೆ ಫೋನ್ ಮಾಡಿದೆ. ನೀನು ಮಾತ್ರ ಬರಬೇಡ ಅಂದೆ.

ಜನವರಿ 22, ಅಜ್ಜಂಪುರ

ಬಂದ. ನೀಲಿ ಹಾಕಿ ಒಗೆದ ಬಿಳಿ ಅಂಗಿ ತೊಟ್ಟು. ಸ್ಟ್ಯಾಂಡ್ ಹಿಡಿದು ಅಲುಗಿಸಿದ. ನೇರ ಮೇಡಂ ಹತ್ತಿರ ಹೋದ.

"ನಾನೇ ಕಲ್ಸಿದ್ದು ಕಣ್ರವ್ವ ಈ ಗಂಟು. ಈ ಊರ್ನಾಗೆ ಎಷ್ಟ್ ಜನಾನ ಇದ್ರ ಮೇಲ್ ಮಲಗ್ಸಿ ಕಳ್ಸಿದೀನಿ... ಒಬ್ರಾದ್ರೂ ಕೆಳಗ್ ಬಿದ್ದವ್ರಾ ಕೇಳಿ!"

ನಕ್ಕ. ಯಾರೂ ನಗಲಿಲ್ಲ.

ನಮ್ಮ ಬೀದಿಯ ಕಾಶಮ್ಮ ನುಗ್ಗಿ ಬಂದಳು. "ನಿನ್ ಮನೆ ಹಾಳಾಗ! ನಮ್ಮವ್ವನ ಕಡಗೋಲ್ನ ಚಟ್ಟದ ಮೇಲ್ ಮಡಗಿದೀಯೇನೇ?"

ಹಿಂದಿನಿಂದ ಇನ್ನೊಬ್ಬ — "ಅಪ್ಪ ಹೆಣಕ್ ಕಟ್ತಾನೆ, ಮಗ್ಳು ಈಳಿಗೆಮಣೆಗ್ ಕಟ್ತಾಳೆ ಕಣ್ರೋ!"

ಎಲ್ಲರೂ ತಮ್ಮ ತಮ್ಮ ಸಾಮಾನು ಎತ್ತಿಕೊಂಡು ಹೋದರು. ಖಾಲಿ ಸ್ಟ್ಯಾಂಡ್ ಹಿಡಿದು ಅಪ್ಪ ಹೇಳುತ್ತಲೇ ಇದ್ದ — "ಬಿಗಿಯಾಗೈತೆ, ಬಿಗಿಯಾಗೈತೆ."

ಸಂಜೆ

ಮೇಡಂ ಬೈಯಲಿಲ್ಲ. ಗಂಟುಗಳ ಫೋಟೋ ತೆಗೆದುಕೊಂಡರು. "ಇನ್ಮೇಲೆ ಕಬ್ಬಿಣದ ಪೈಪು. ಇದೇ ಗಂಟನ್ನ ನಮ್ಮ ಹುಡುಗರು ಫೋಟೋ ನೋಡಿ ಕಲೀತಾರೆ. ಬಿದಿರು ನಿಮ್ಮಪ್ಪನಿಗೇ ಇರಲಮ್ಮ, ವೇಸ್ಟ್ ಆಗಬಾರದು."

ಬೆನ್ನು ತಟ್ಟಿದರು. ಹೊರಟರು.

ಫೆಬ್ರವರಿ 3

ಬೆಳಿಗ್ಗೆ ಅಪ್ಪ ಆ ಬಿದಿರು ಪೇರಿಸಿಟ್ಟಿದ್ದ ಹಿತ್ತಲಿಗೆ ಬಂದ. ಪಕ್ಕದ ಬೀದಿಯಲ್ಲಿ ಯಾರೋ ತೀರಿಕೊಂಡಿದ್ದಾರಂತೆ. "ಎರಡ್ ಗಳ ಕೊಡವ್ವ. ನೆಟ್ಟಗವೆ. ನೀನೂ ಬಾ, ಬೇಗ ಆಯ್ತದೆ."

ಮಚ್ಚು ತೆಗೆದುಕೊಂಡೆ. ಒಂದೊಂದನ್ನೇ ಸೀಳಿದೆ. ಅಪ್ಪ ತಡೆಯಲಿಲ್ಲ. "ಒಲೆಗಾಯ್ತು ಬಿಡು" ಅಂದ. ಅದಕ್ಕೇ ಇನ್ನೂ ಸಿಟ್ಟು ಬಂತು.

"ನೀನ್ ಸತ್ರೆ ಯಾರ್ ಕಟ್ತಾರೋ ನೋಡ್ತೀನಿ" ಅಂದೆ.

ನಕ್ಕುಬಿಟ್ಟ. "ನೀನೇ ಕಣವ್ವ. ನಿನ್ ಕೈಗಂಟು ಇನ್ಯಾರಿಗ್ ಬಂದಾತು?"

ಕಟ್ಟಲ್ಲ ಅಂದೆ. ನಾಯಿ ಎಳ್ಕೊಂಡ್ ಹೋಗ್ಲಿ ಅಂದೆ. ನಾನು ಎಂದೂ ಇಷ್ಟು ಜೋರಾಗಿ ಮಾತಾಡಿದವಳಲ್ಲ. ಅಪ್ಪ ಇನ್ನೂ ನಗುತ್ತಲೇ ಇದ್ದ — ಆಮೇಲೆ ಆ ನಗು ಅರ್ಧಕ್ಕೆ ಹಾಗೇ ನಿಂತುಹೋಯಿತು. ಹಗ್ಗದ ಸುರುಳಿ ಎತ್ತಿಕೊಂಡು ಒಬ್ಬನೇ ಹೊರಟ.